ಶಿಖರವೋ ಎಲ್ಲೆಯೋ: ದಿನಬಳಕೆಯ ಇಂಗ್ಲಿಷಿನ ಅತಿಶಯ ರೂಪಗಳನ್ನು ಕುರಿತು

ಕೆಲವು ವರ್ಷಗಳ ಹಿಂದೆ ಮಾಟುಂಗದ ಕಡೆ ಸಣ್ಣ ಉಪಾಹಾರಗೃಹವೊಂದನ್ನು ನಡೆಸುತ್ತಿದ್ದ ಹಿರಿಯರೊಬ್ಬರು ಸಾಲದ ಕಾಗದಪತ್ರಗಳಿಗೆ ರುಜು ಹಾಕಲು ನನ್ನ ಮೇಜಿನ ಎದುರಿಗೆ ಕುಳಿತಿದ್ದರು. ಮುಂಬಯಿಗೆ ಬಂದು ನಲವತ್ತು ವರ್ಷ ಸಂದಿದ್ದರೂ ಲೆಕ್ಕವನ್ನು ಕನ್ನಡದಲ್ಲಿಯೇ ಬರೆದಿಡುತ್ತಿದ್ದವರು ಅವರು, ಇಂಗ್ಲಿಷನ್ನು ಓದಲಾರರು. ಅವರ ಅನುಕೂಲಕ್ಕೆಂದು ಯಾರೋ ಘೋಷಣಾಪತ್ರವನ್ನು ಕನ್ನಡಕ್ಕೆ ತಂದು, ಟೈಪು ಮಾಡಿಸಿ, ಕಡತಕ್ಕೆ ಲಗತ್ತಿಸಿದ್ದರು. ಹಿರಿಯರು ಪ್ರತಿಯೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಕೊನೆಯ ವಾಕ್ಯಕ್ಕೆ ಬಂದು ಬೆರಳು ನಿಂತಿತು. 'ಮೇಲ್ಕಂಡ ಸಂಗತಿಗಳು ನನ್ನ ಅತ್ಯುತ್ತಮ ಜ್ಞಾನ ಮತ್ತು ನಂಬಿಕೆಗೆ ಅನುಸಾರವಾಗಿ ಸತ್ಯವಾಗಿವೆ' ಎಂದು ಅಲ್ಲಿ ಬರೆದಿತ್ತು. ಅವರು ಕನ್ನಡಕವನ್ನು ತೆಗೆದು, 'ಅಲ್ಲ ಮಾರಾಯರೇ, ನನ್ನ ಜ್ಞಾನ ಅತ್ಯುತ್ತಮ ಎಂದು ನಾನೇ ಹೇಗೆ ಬರೆದುಕೊಡಲಿ? ನಾನು ಓದಿದ್ದು ನಾಲ್ಕನೆಯ ಕ್ಲಾಸು' ಎಂದರು.

ಪಕ್ಕದ ಮೇಜಿನವರು ನಕ್ಕರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು. ಆದರೆ ಆ ದಿನ ಸಂಜೆ ಲೋಕಲ್ ಗಾಡಿಯಲ್ಲಿ ನಿಂತು ಮನೆಗೆ ಹೋಗುವಾಗ ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ. 'ಟು ದ ಬೆಸ್ಟ್ ಆಫ್ ಮೈ ನಾಲೆಜ್ ಅಂಡ್ ಬಿಲೀಫ್' ಎಂಬ ಮಾತನ್ನು ನಾನು ಅದೆಷ್ಟು ಕಾಗದಗಳ ಅಡಿಯಲ್ಲಿ ಕಂಡಿರುವೆನೋ ಲೆಕ್ಕವಿಲ್ಲ. ಅಲ್ಲಿರುವ 'ಬೆಸ್ಟ್' ಎಂಬುದು ಏನನ್ನು ಹೇಳುತ್ತಿದೆಯೆಂದು ಒಂದು ದಿನವೂ ಯೋಚಿಸಿರಲಿಲ್ಲ. ಅದನ್ನು ಯೋಚಿಸುವಂತೆ ಮಾಡಿದುದು ಇಂಗ್ಲಿಷ್ ಬಾರದವರ ಕನ್ನಡದ ಕಿವಿ.

ನಾವೆಲ್ಲರೂ ಶಾಲೆಯಲ್ಲಿ 'ಗುಡ್, ಬೆಟರ್, ಬೆಸ್ಟ್' ಎಂದು ಮಗ್ಗಿಯಂತೆ ಉರುಹೊಡೆದವರು. ಮೂರು ಮೆಟ್ಟಿಲುಗಳ ಒಂದು ಏಣಿಯ ಚಿತ್ರ ಅಂದು ನಮ್ಮ ಮನಸ್ಸಿನಲ್ಲಿ ಮೂಡಿತು: ಕೆಳಗೆ ಒಳ್ಳೆಯದು, ನಡುವೆ ಹೆಚ್ಚು ಒಳ್ಳೆಯದು, ತುದಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಈ ಏಣಿಯೇ ತೊಡಕಿನ ಮೂಲ. 'ಅತಿಶಯ ರೂಪ'ವೆಂದು ನಾನು ಇಲ್ಲಿ ಕರೆಯುವ ಸೂಪರ್ಲೆಟಿವನ್ನು ಇಂಗ್ಲಿಷರು ದಿನದ ಮಾತಿನಲ್ಲಿ ಶಿಖರವನ್ನು ತೋರಿಸಲು ಬಳಸುವುದುಂಟು. ಆದರೆ ಅಷ್ಟೇ ಸಲ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿ, ಎಲ್ಲೆಯನ್ನು ತೋರಿಸಲು ಬಳಸುತ್ತಾರೆ. ಮಿಕ್ಕ ಸಂದರ್ಭಗಳಲ್ಲಿ ಅದು ಬರಿಯ ಉಪಚಾರ. ಈ ಮೂರನ್ನೂ ಶಿಖರವೆಂದೇ ತಿಳಿದು 'ಅತ್ಯುತ್ತಮ', 'ಅತ್ಯಂತ', 'ಅತಿ' ಎಂಬ ಮೂರು ಮುದ್ರೆಗಳನ್ನು ಒತ್ತುತ್ತ ಹೋಗುವುದು ನಮ್ಮ ಅನುವಾದಕರ ರೂಢಿ. ಇದರಿಂದ ಕನ್ನಡದ ಗದ್ಯಕ್ಕೆ ಆಗಿರುವ ಹಾನಿ ಸಣ್ಣದಲ್ಲ.

ರೂಪದ ಇತಿಹಾಸವನ್ನು ಮೊದಲು ಸಂಕ್ಷೇಪವಾಗಿ ನೋಡಬಹುದು. ಇಂಗ್ಲಿಷಿನ 'ಎಸ್ಟ್' ಎಂಬ ಪ್ರತ್ಯಯ ನಮಗೆ ಪರಕೀಯವೆಂದು ತೋರಿದರೂ ಸಂಸ್ಕೃತದ 'ಇಷ್ಠ' ಪ್ರತ್ಯಯಕ್ಕೆ ಅದು ಸೋದರ; ಎರಡೂ ಒಂದೇ ಇಂಡೋ-ಯುರೋಪಿಯನ್ ಮೂಲದಿಂದ ಇಳಿದುಬಂದವು. ಇಂಗ್ಲಿಷಿನ 'ಸ್ವೀಟೆಸ್ಟ್' ಮತ್ತು ಸಂಸ್ಕೃತದ 'ಸ್ವಾದಿಷ್ಠ' ಇವು ಪ್ರಕೃತಿಯಲ್ಲಿಯೂ ಪ್ರತ್ಯಯದಲ್ಲಿಯೂ ಒಂದಕ್ಕೊಂದು ಸರಿಹೊಂದುವ ಪದಗಳು. ಪಾಣಿನಿಯು ತನ್ನ ಐದನೆಯ ಅಧ್ಯಾಯದಲ್ಲಿ ಇಬ್ಬರ ನಡುವಣ ಹೋಲಿಕೆಗೆ 'ತರ', 'ಈಯಸ್' ಎಂಬ ಪ್ರತ್ಯಯಗಳನ್ನೂ, ಅನೇಕರಲ್ಲಿ ಒಬ್ಬನ ಅತಿಶಯಕ್ಕೆ 'ತಮ', 'ಇಷ್ಠ' ಎಂಬುವನ್ನೂ ವಿಧಿಸಿದ್ದಾನೆ. ಇಬ್ಬರಿದ್ದಾಗ 'ಬೆಟರ್', ಮೂವರಿದ್ದಾಗ 'ಬೆಸ್ಟ್' ಎಂದು ಬೆತ್ತ ಹಿಡಿದು ಹೇಳಿಕೊಟ್ಟ ನಮ್ಮ ಇಂಗ್ಲಿಷ್ ಮೇಷ್ಟರು ತಾವು ಪಾಣಿನಿಯ ಮಾತನ್ನೇ ಹೇಳುತ್ತಿರುವರೆಂದು ಅರಿತಿದ್ದರೋ ಇಲ್ಲವೋ!

ಈ 'ಇಷ್ಠ' ಕನ್ನಡಕ್ಕೆ ಬಂದು ಸವೆದುಹೋದ ಬಗೆಯನ್ನು ಗಮನಿಸಬೇಕು. 'ಸ್ವಾದಿಷ್ಟ' ಎಂದರೆ ನಮಗೆ ರುಚಿಯಾದುದು, ಅಷ್ಟೆ. 'ಬಲಿಷ್ಠ'ನೆಂದರೆ ಬಲವುಳ್ಳವನು. 'ಪಾಪಿಷ್ಠ' ಎಂಬುದು ಪಾಪಿಗಳಲ್ಲೆಲ್ಲ ಮೊದಲಿಗನೆಂಬ ಲೆಕ್ಕಾಚಾರವಿಲ್ಲದೆ ಬಾಯಿಗೆ ಬರುವ ಬೈಗುಳು. 'ಪ್ರಿಯತಮ' ಎಂದು ಕರೆಯಿಸಿಕೊಳ್ಳುವವನಿಗೆ ಹೋಲಿಕೆಯ ನೆನಪಾದರೆ ಮನೆಯಲ್ಲಿ ಜಗಳವೇ ಆದೀತು. ನಾಣ್ಯ ಕೈಯಿಂದ ಕೈಗೆ ದಾಟುತ್ತ ಮುದ್ರೆ ಅಳಿಸಿದಂತೆ ಇಲ್ಲಿ ಅತಿಶಯಾರ್ಥ ಅಳಿಸಿದೆ. ವೇದಭಾಷೆಯಲ್ಲಿಯೇ 'ಶ್ರೇಷ್ಠ'ದ ಮೇಲೆ 'ತಮ'ವನ್ನು ಪೇರಿಸಿ 'ಶ್ರೇಷ್ಠತಮ' ಎಂದರು. ಇಂಗ್ಲಿಷಿನಲ್ಲಿಯೂ ಹಾಗೆಯೇ. 'ಫೋರ್ಮೋಸ್ಟ್' ಎಂಬ ಪದದ ಒಳಗೆ ಹಳೆಯ ಅತಿಶಯ ರೂಪವೊಂದಿದ್ದು, ಅದು ಜನರಿಗೆ ಮರೆತುಹೋದುದರಿಂದ ಅದರ ಮೇಲೆ ಇನ್ನೊಂದನ್ನು ಹೊದಿಸಿದ್ದಾರೆ. ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದಲ್ಲಿ ಶವದ ಮುಂದೆ ನಿಂತ ಆಂಟೊನಿ 'ಮೋಸ್ಟ್' ಮತ್ತು 'ಎಸ್ಟ್' ಎರಡನ್ನೂ ಒಂದೇ ವಿಶೇಷಣಕ್ಕೆ ಕೂಡಿಸುತ್ತಾನೆ. 1762ರಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಬರೆದ ರಾಬರ್ಟ್ ಲೌತನಿಗೆ ಇಂಥ ಇಮ್ಮಡಿ ಅತಿಶಯಗಳು ಸೇರುತ್ತಿರಲಿಲ್ಲ; ಆದರೂ ಹಳೆಯ ಕೀರ್ತನೆಗಳ ಅನುವಾದದಲ್ಲಿ ದೇವರನ್ನು ಕುರಿತು ಬಂದ ಅಂಥದೊಂದು ಪ್ರಯೋಗವನ್ನು ಮಾತ್ರ, ಅತ್ಯುನ್ನತಕ್ಕಿಂತಲೂ ಉನ್ನತನಾದವನಿಗೆ ಅದು ಸಲ್ಲುತ್ತದೆಂದು, ಆತ ಕ್ಷಮಿಸಿದ. ಆತ ಬಿಷಪ್ಪನೂ ಆದನೆಂಬುದನ್ನು ಮರೆಯಬಾರದು.

ಈಗ ಎಲ್ಲೆಯ ಮಾತಿಗೆ ಬರೋಣ. 'ಟು ದ ಬೆಸ್ಟ್ ಆಫ್ ಮೈ ನಾಲೆಜ್' ಎನ್ನುವವನು ತನ್ನ ತಿಳಿವಳಿಕೆಯನ್ನು ಹೊಗಳಿಕೊಳ್ಳುತ್ತಿಲ್ಲ. ಅದು ಎಲ್ಲಿಯವರೆಗೆ ಹೋಗಬಲ್ಲುದೋ ಅಲ್ಲಿಯವರೆಗೆ ಹೋಗಿ ನೋಡಿದ್ದೇನೆ, ಅದರಾಚೆಗೆ ನಾನು ಹೊಣೆಗಾರನಲ್ಲ ಎಂದು ಗೆರೆ ಎಳೆಯುತ್ತಿದ್ದಾನೆ. ಇಲ್ಲಿ 'ಬೆಸ್ಟ್' ಎಂಬುದು ಬೇಲಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಪ್ರಮಾಣಪತ್ರಗಳ ವಿಷಯದಲ್ಲಿ ಸ್ವಂತ ತಿಳಿವಳಿಕೆಯಿಂದ ರುಜುವಾತುಪಡಿಸಬಲ್ಲ ಸಂಗತಿಯನ್ನೂ, ಬರಿಯ ನಂಬಿಕೆಯ ಸಂಗತಿಯನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಆದುದರಿಂದ ಈ ಬೇಲಿ ಅಲಂಕಾರಕ್ಕಾಗಿ ಹಾಕಿದ್ದಲ್ಲ. ಇದರ ಒಳಗೆ ಸುಳ್ಳಿದ್ದರೆ ಶಿಕ್ಷೆಯುಂಟು. ಕನ್ನಡದಲ್ಲಿ ಈ ಕೆಲಸಕ್ಕೆ ಎಷ್ಟು ಚೊಕ್ಕವಾದ ಮಾತಿದೆ! 'ನಾನು ತಿಳಿದ ಮಟ್ಟಿಗೆ' ಎಂದರೆ ಮುಗಿಯಿತು. ನಮ್ಮಲ್ಲಿ ಅಕ್ಷರ ಬಾರದ ಸಾಕ್ಷಿಯೂ ಇದನ್ನು ನಿತ್ಯ ಆಡುತ್ತಾನೆ. 'ಐ ಡಿಡ್ ಮೈ ಬೆಸ್ಟ್' ಎಂಬುದಕ್ಕೆ 'ಕೈಲಾದಷ್ಟು ಮಾಡಿದೆ'. 'ಅಟ್ ದ ಅರ್ಲಿಯೆಸ್ಟ್' ಎಂದು ನಮ್ಮ ಕಚೇರಿಗಳು ಬರೆಯುವುದಕ್ಕೆ 'ಆದಷ್ಟು ಬೇಗ'. 'ಅಟ್ ಲೀಸ್ಟ್' ಎಂಬುದಕ್ಕೆ 'ಏನಿಲ್ಲವೆಂದರೂ', 'ಕೊನೆಯ ಪಕ್ಷ'. 'ಅಟ್ ಮೋಸ್ಟ್' ಎಂಬುದಕ್ಕೆ ನಮ್ಮ ಹೆಂಗಸರು ಸಂತೆಯಲ್ಲಿ ಬಳಸುವ 'ಅಬ್ಬಬ್ಬಾ ಎಂದರೆ' ಎಂಬ ಮಾತಿಗೆ ಸಮನಾದುದು ಇಂಗ್ಲಿಷಿನಲ್ಲಿ ನನಗೆ ಕಂಡಿಲ್ಲ: ಕೇಳುವವನು ಬೆರಗಾಗಿ 'ಅಬ್ಬಬ್ಬಾ' ಎನ್ನುವಷ್ಟು ಏರಿಸಿದರೂ ಬೆಲೆ ಇಷ್ಟನ್ನು ದಾಟದು ಎಂಬ ಭಾವ. 'ಮಟ್ಟಿಗೆ', 'ಅಷ್ಟು', 'ಎಂದರೆ', 'ಎಂದರೂ', 'ಪಕ್ಷ' ಇವುಗಳಲ್ಲಿ ಒಂದಾದರೂ ಅತಿಶಯ ಪ್ರತ್ಯಯವಲ್ಲ. ಎಲ್ಲವೂ ಎಲ್ಲೆಯನ್ನು ಗುರುತಿಸುವ ಕಲ್ಲುಗಳು.

ಆ ಹಿರಿಯರ ಕಡತಕ್ಕೆ ಮರುದಿನ ನಾವು ಹೊಸ ಪ್ರತಿಯನ್ನು ಸಿದ್ಧಪಡಿಸಿದೆವು. 'ನಾನು ತಿಳಿದ ಮಟ್ಟಿಗೂ ನಂಬಿರುವ ಮಟ್ಟಿಗೂ ಮೇಲಿನ ಸಂಗತಿಗಳು ನಿಜ' ಎಂದು ಬರೆದಿತ್ತು. ಅವರು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಒಂದು ಮಾತು ಹೇಳಬೇಕು' ಎಂದರು. ಪಗಡಿಯ ಮೇಲೆ ಹಿಡಿದ ಆ ಅಂಗಡಿಯ ಹಳೆಯ ಬಾಡಿಗೆ ರಸೀದಿಗಳಲ್ಲಿ ತೀರಿಕೊಂಡ ತಮ್ಮನ ಹೆಸರೂ ಸೇರಿದೆಯೋ ಇಲ್ಲವೋ ಅವರಿಗೆ ಖಚಿತವಿರಲಿಲ್ಲ. ಮೊದಲಿನ ಅನುವಾದ ಅವರನ್ನು ನಾಚಿಸಿತ್ತು. ಅದರಲ್ಲಿ ತಮಗೆ ತಿಳಿಯದುದನ್ನು ಹೇಳಿಕೊಳ್ಳಲು ಎಡೆಯೇ ಇರಲಿಲ್ಲ. ಎರಡನೆಯದು ಅವರ ತಿಳಿವಳಿಕೆ ಎಲ್ಲಿಗೆ ನಿಲ್ಲುತ್ತದೆಂದು ಕೇಳಿತು. ಅವರು ಉತ್ತರ ಕೊಟ್ಟರು. ರಸೀದಿಗಳನ್ನು ತರಿಸಿ ನೋಡಿದೆವು. ತಮ್ಮನ ಹೆಸರಿತ್ತು. ಸಾಲ ಮಂಜೂರಾಗಲು ಅವನ ಹೆಂಡತಿಯ ಒಪ್ಪಿಗೆ ಪಡೆಯಬೇಕಾಗಿ ಎರಡು ತಿಂಗಳು ಹಿಡಿಯಿತು. ಮೊದಲಿನ ಕಾಗದಕ್ಕೇ ರುಜು ಬಿದ್ದಿದ್ದರೆ ಆ ಹೆಂಗಸಿನ ಹಕ್ಕು ಏನಾಗುತ್ತಿತ್ತೆಂದು ನಾನು ಹೇಳಲಾರೆ.

ಕಾನೂನಿನ ಇಂಗ್ಲಿಷಿನಲ್ಲಿ ಇಂಥ ಬೇಲಿಗಳು ಇನ್ನೂ ಹಲವಿವೆ. 1961ರ ಆದಾಯ ತೆರಿಗೆ ಕಾಯಿದೆಯ 144ನೆಯ ಕಲಮು 'ಬೆಸ್ಟ್ ಜಡ್ಜ್‌ಮೆಂಟ್' ಎಂಬ ಬಗೆಯ ತೆರಿಗೆ ನಿರ್ಧಾರವನ್ನು ಹೇಳಿತು. ತೆರಿಗೆದಾರನು ಲೆಕ್ಕವನ್ನು ಒಪ್ಪಿಸದೆ ಹೋದಾಗ ಅಧಿಕಾರಿಯು ತನಗೆ ಸಿಕ್ಕ ಆಧಾರಗಳಿಂದ ತಾನೇ ಅಂದಾಜು ಮಾಡುವ ಕ್ರಮವದು. ಪೂರ್ಣ ಲೆಕ್ಕವಿದ್ದಾಗಿನ ತೀರ್ಮಾನಕ್ಕಿಂತ ಇದು ದುರ್ಬಲವಾದುದು. ಆದರೂ ಹೆಸರು 'ಬೆಸ್ಟ್'! ಇದನ್ನು 'ಅತ್ಯುತ್ತಮ ತೀರ್ಪು' ಎಂದು ತಿಳಿದವನು ಅರ್ಥವನ್ನು ತಲೆಕೆಳಗು ಮಾಡಿದಂತೆ. ವಿಮೆಯ ಕಾನೂನಿನಲ್ಲಿ 'ಅಟ್‌ಮೋಸ್ಟ್ ಗುಡ್ ಫೇತ್' ಎಂಬ ತತ್ತ್ವವಿದೆ. ಲ್ಯಾಟಿನಿನಲ್ಲಿ ಅದು 'ಊಬೆರಿಮಾ ಫಿಡೆಸ್'. ಅಲ್ಲಿಯೂ ಅತಿಶಯ ರೂಪವೇ. 1766ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೊಟ್ಟ ತೀರ್ಪಿನಿಂದ ಇದು ಬೆಳೆದು, 1906ರ ಇಂಗ್ಲೆಂಡಿನ ಮತ್ತು 1963ರ ಭಾರತದ ಸಾಗರ ವಿಮೆಯ ಕಾಯಿದೆಗಳಲ್ಲಿ ನೆಲೆಗೊಂಡಿತು. ಇದನ್ನು 'ಅತ್ಯುನ್ನತ ಸದ್ಭಾವನೆ' ಎಂದು ಅನುವಾದಿಸಿದರೆ ಕಿವಿಗೆ ಘಂಟೆ ಬಾರಿಸಿದಂತಾಗುತ್ತದೆ, ಅರ್ಥ ಮಾತ್ರ ಹೊಳೆಯುವುದಿಲ್ಲ. 'ಏನನ್ನೂ ಮುಚ್ಚಿಡದ ನಂಬಿಕೆ' ಎಂದರೆ ಪಾಲಿಸಿ ಕೊಳ್ಳುವ ರೈತನಿಗೂ ತನ್ನ ಕರ್ತವ್ಯವೇನೆಂದು ಗೊತ್ತಾಗುತ್ತದೆ. ಇಂಗ್ಲಿಷಿನ ಅತಿಶಯ ಇಲ್ಲಿ ಕನ್ನಡದ ನಿಷೇಧವಾಗಿ ಇಳಿದುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಈ ಮಾತಿಗೆ ಮರಳಿ ಬರುತ್ತೇನೆ.

ಅಂಗಡಿಯ ಬಿಸ್ಕತ್ತಿನ ಪೊಟ್ಟಣದ ಮೇಲಿನ 'ಬೆಸ್ಟ್ ಬಿಫೋರ್' ಎಂಬುದೂ ಎಲ್ಲೆಯೇ. ಆ ತಾರೀಖಿನವರೆಗೆ ಗುಣಕ್ಕೆ ತಯಾರಕನು ಹೊಣೆ. ಮರುದಿನ ಅದು ವಿಷವಾಗುತ್ತದೆಂದಲ್ಲ. ವಿಷದ ಭಯವಿರುವ ಕಡೆ ಬರೆಯುವ 'ಯೂಸ್ ಬೈ' ಬೇರೆ. ಎರಡನ್ನೂ ಒಂದೇ ಎಂದು ತಿಳಿದು ಒಳ್ಳೆಯ ತಿಂಡಿಯನ್ನು ಕಸಕ್ಕೆ ಎಸೆಯುವವರು ನಮ್ಮ ಚಾಳುಗಳಲ್ಲಿಯೂ ಇದ್ದಾರೆ, ಎತ್ತರದ ಕಟ್ಟಡಗಳಲ್ಲಿಯೂ ಇದ್ದಾರೆ.

ಉಪಚಾರದ ಬಳಕೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. 'ಇಟ್ ಈಸ್ ಮೋಸ್ಟ್ ಕೈಂಡ್ ಆಫ್ ಯು' ಎನ್ನುವ ಇಂಗ್ಲಿಷನು ಲೋಕದ ದಯಾಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅಳೆದುನೋಡಿಲ್ಲ. 'ದ ಮೋಸ್ಟ್ ಇಂಟರೆಸ್ಟಿಂಗ್ ಬುಕ್' ಎಂದರೆ ಹೋಲಿಕೆ. 'ಎ ಮೋಸ್ಟ್ ಇಂಟರೆಸ್ಟಿಂಗ್ ಬುಕ್' ಎಂದರೆ ಬರಿಯ ಮೆಚ್ಚಿಕೆ. ಒಂದು ಸಣ್ಣ ಉಪಪದದ ಮೇಲೆ ಅರ್ಥದ ಭಾರವೆಲ್ಲ ನಿಂತಿದೆ. 'ಅಟ್ ಯುವರ್ ಅರ್ಲಿಯೆಸ್ಟ್ ಕನ್ವೀನಿಯನ್ಸ್' ಎಂಬುದರಲ್ಲಿ ಅವಸರವೂ ಇದೆ, ಅವಸರಕ್ಕೆ ಹೊದಿಸಿದ ಶಾಲೂ ಇದೆ. 'ತಮಗೆ ಅನುಕೂಲವಾದ ಕೂಡಲೇ' ಎಂದು ನಮ್ಮ ಹಿರಿಯರು ಬರೆಯುತ್ತಿದ್ದರು. 'ತಮ್ಮ ಅತಿ ಶೀಘ್ರ ಅನುಕೂಲತೆಯಲ್ಲಿ' ಎಂದು ಈಗ ಬರೆಯುವವರಿದ್ದಾರೆ. ನಮ್ಮ ಸಂಘಗಳ ವಂದನಾರ್ಪಣೆಯಲ್ಲಿ 'ಲಾಸ್ಟ್ ಬಟ್ ನಾಟ್ ದ ಲೀಸ್ಟ್' ಎಂಬುದು 'ಕೊನೆಯದಾಗಿ ಆದರೆ ಕನಿಷ್ಠವಲ್ಲದ' ಎಂದು ಅವತರಿಸಿ, ಪಾಪ, ಮೈಕು ಮತ್ತು ಶಾಮಿಯಾನ ಒದಗಿಸಿದವರ ಹೆಸರಿನ ಹಿಂದೆ ಕುಳಿತುಕೊಳ್ಳುವುದನ್ನು ಕೇಳದವರಾರು? ಈ ನಗರದ ಬಸ್ಸುಗಳ ಮೇಲೆ ಬರೆದ 'ಬೆಸ್ಟ್' ಇವೆಲ್ಲಕ್ಕಿಂತ ಪ್ರಾಮಾಣಿಕವಾದುದು: 1905ರ ವಿದ್ಯುತ್ ಮತ್ತು ಟ್ರಾಮ್ ಕಂಪನಿಯ ಹೆಸರಿನ ಮೊದಲ ಅಕ್ಷರಗಳಿಂದ ಹುಟ್ಟಿ, ಯಾರೊಡನೆಯೂ ಹೋಲಿಸಿಕೊಳ್ಳದೆ, ಅದು ಜನರನ್ನು ಹೊತ್ತು ತಿರುಗುತ್ತಿದೆ.

ಇನ್ನು ನಿಜವಾದ ಶಿಖರದ ವಿಚಾರ. ಇಲ್ಲಿ ಇಂಗ್ಲಿಷಿನ ನಿಯಮ ಕಟ್ಟುನಿಟ್ಟಾದುದು, ಒಳ್ಳೆಯದೂ ಹೌದು. ಅತಿಶಯ ರೂಪವನ್ನು ಹೇಳಿದವನು ಯಾವ ಗುಂಪಿನಲ್ಲಿ ಎಂಬುದನ್ನು ಹೇಳಲೇಬೇಕು, ಇಲ್ಲವೆ ಅದು ಸಂದರ್ಭದಿಂದ ತಿಳಿಯಬೇಕು. ತರಗತಿಯಲ್ಲಿ ಎತ್ತರದವನು, ಮೂವರಲ್ಲಿ ಕಿರಿಯವಳು, ನಾನು ಈವರೆಗೆ ಕುಡಿದ ಕಾಫಿಗಳಲ್ಲಿ ಒಳ್ಳೆಯದು: ಹೀಗೆ ಆವರಣವೊಂದು ಬೇಕು. ಜೊತೆಗೆ, ಶಿಖರವೆಂದು ಎಣಿಸಿದುದು ಆ ಗುಂಪಿಗೇ ಸೇರಿರಬೇಕು. ಮಿಲ್ಟನ್ 1667ರ 'ಪ್ಯಾರಡೈಸ್ ಲಾಸ್ಟ್' ಕಾವ್ಯದ ನಾಲ್ಕನೆಯ ಸರ್ಗದಲ್ಲಿ ಈವಳನ್ನು ಅವಳ ಹೆಣ್ಣುಮಕ್ಕಳಲ್ಲೆಲ್ಲ ಚೆಲುವೆಯೆಂದು ವರ್ಣಿಸಿದುದನ್ನು ವೈಯಾಕರಣರು ಬಹುಕಾಲದಿಂದ ಎತ್ತಿ ಆಡುತ್ತ ಬಂದಿದ್ದಾರೆ. ತಾಯಿ ತನ್ನ ಮಗಳು ಹೇಗಾದಾಳು? ಗ್ರೀಕ್ ಭಾಷೆಯ ಒಂದು ಪದ್ಧತಿಯನ್ನು ಮಿಲ್ಟನ್ ಅಲ್ಲಿ ತಂದಿದ್ದಾನೆ. ಕವಿಗೆ ಸಂದ ಈ ರಿಯಾಯಿತಿ ಗುಮಾಸ್ತನಿಗೆ ಸಲ್ಲದು. ಅದೇ ಇಂಗ್ಲಿಷರು ದಿನದ ಮಾತಿನಲ್ಲಿ ತಮ್ಮ ನಿಯಮವನ್ನು ತಾವೇ ಮುರಿಯುತ್ತಾರೆ. 'ಪುಟ್ ಯುವರ್ ಬೆಸ್ಟ್ ಫುಟ್ ಫಾರ್ವರ್ಡ್' ಎನ್ನುವಾಗ ಮನುಷ್ಯನಿಗೆ ಕಾಲುಗಳು ಎರಡೇ ಎಂಬುದನ್ನು ಅವರು ಗಣಿಸುವುದಿಲ್ಲ. ಮೇಷ್ಟರ ಬೆತ್ತಕ್ಕೆ ಹೆದರಿ ಅಲ್ಲಿ 'ಬೆಟರ್' ಎಂದವನು ನಗೆಪಾಟಲಾಗುತ್ತಾನೆ. ಶಾಲೆಯ ವ್ಯಾಕರಣ ಹೇಳದೆ ಬಿಡುವ ಇನ್ನೊಂದು ಸಂಗತಿಯೆಂದರೆ, ಶಿಖರದಲ್ಲಿರುವುದು ಒಳ್ಳೆಯದಾಗಿರಲೇಬೇಕೆಂದಿಲ್ಲ. ಮೂರು ಕೆಟ್ಟ ದಾರಿಗಳಲ್ಲಿಯೂ ಒಂದು 'ಬೆಸ್ಟ್' ಇರುತ್ತದೆ. ಅದನ್ನು 'ಅತ್ಯುತ್ತಮ' ಎಂದು ಕರೆದರೆ ದಾರಿಹೋಕನಿಗೆ ಮೋಸ ಮಾಡಿದಂತೆ. 'ಇದ್ದುದರಲ್ಲಿ ವಾಸಿ' ಎಂಬುದೇ ಅದರ ಕನ್ನಡ.

'ಮೋಸ್ಟ್' ಎಂಬ ಪದದಲ್ಲಿ ಇನ್ನೂ ಗಂಭೀರವಾದ ಒಂದು ಬಲೆಯಿದೆ. 'ದ ಮೋಸ್ಟ್ ವೋಟ್ಸ್' ಎಂದರೆ ಬೇರೆ ಯಾರಿಗಿಂತಲೂ ಹೆಚ್ಚು ಮತ. 'ಮೋಸ್ಟ್ ಆಫ್ ದ ವೋಟ್ಸ್' ಎಂದರೆ ಅರ್ಧಕ್ಕಿಂತ ಹೆಚ್ಚು ಮತ. ನೂರು ಮತಗಳಲ್ಲಿ ಒಬ್ಬನಿಗೆ 40, ಇನ್ನೊಬ್ಬನಿಗೆ 35, ಮೂರನೆಯವನಿಗೆ 25 ಬಂದರೆ ಮೊದಲನೆಯವನಿಗೆ ಮೊದಲಿನದು ದೊರೆತಿದೆ, ಎರಡನೆಯದು ದೊರೆತಿಲ್ಲ. 1951-52ರ ಮೊದಲ ಮಹಾಚುನಾವಣೆಯಿಂದಲೂ ಲೋಕಸಭೆಯ ಸ್ಥಾನಗಳು ತುಂಬುತ್ತ ಬಂದಿರುವುದು ಮೊದಲಿನ ಲೆಕ್ಕದಿಂದ. ನಮ್ಮ ಪತ್ರಿಕೆಗಳಾದರೋ ಎರಡಕ್ಕೂ 'ಬಹುಮತ' ಎಂಬ ಒಂದೇ ಪದವನ್ನು ಸವೆಸಿವೆ. ನೂರರಲ್ಲಿ ಅರವತ್ತು ಜನ ಬೇಡವೆಂದವನನ್ನೂ 'ಬಹುಮತದಿಂದ ಆರಿಸಿಬಂದವನು' ಎಂದು ಬರೆಯುವಾಗ ಪ್ರಜೆಯ ಇಂಗಿತವನ್ನು ಕುರಿತು ಒಂದು ಸುಳ್ಳನ್ನು ನಾವು ಅರಿಯದೆ ಹೇಳಿದಂತಾಗುತ್ತದೆ. 'ಎಲ್ಲರಿಗಿಂತ ಹೆಚ್ಚು ಮತ ಪಡೆದು' ಎಂದರೆ ಸಾಕಲ್ಲ! ನಾಲ್ಕು ಅಕ್ಷರ ಹೆಚ್ಚಾಗಬಹುದು, ನಿಜ.

ಕನ್ನಡಕ್ಕೆ ಗುಣದ ಅತಿಶಯವನ್ನು ಹೇಳುವ ಪ್ರತ್ಯಯವಿಲ್ಲ. ಕಾಲ್ಡ್‌ವೆಲ್ 1856ರ ತನ್ನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಈ ಕುಟುಂಬದ ಭಾಷೆಗಳೆಲ್ಲ ಹೋಲಿಕೆಯನ್ನು ವಾಕ್ಯರಚನೆಯಿಂದಲೇ ಸಾಧಿಸುತ್ತವೆಂದು ಗುರುತಿಸಿದ್ದಾನೆ. ಇದನ್ನು ಬಡತನವೆಂದು ಭಾವಿಸಿ, ಸಂಸ್ಕೃತದ 'ಅತ್ಯಂತ'ವನ್ನು ಸಾಲವಾಗಿ ತಂದು ತೇಪೆ ಹಾಕಿದವರು ನಾವು. ಆ ತೇಪೆ ನಿಲ್ಲುವುದಿಲ್ಲ. 'ಅತ್ಯಂತ ಕಡಿಮೆ ದರದ ಟೆಂಡರು' ಎಂದರೆ ಬಹಳ ಕಡಿಮೆಯ ಟೆಂಡರೋ, ಬಂದವುಗಳಲ್ಲೆಲ್ಲ ಕಡಿಮೆಯದೋ? ಮೊದಲನೆಯ ಅರ್ಥದಲ್ಲಿ ಅಂಥವು ಐದಿರಬಹುದು. ಎರಡನೆಯ ಅರ್ಥದಲ್ಲಿ ಗುತ್ತಿಗೆ ಒಬ್ಬನಿಗೇ ಸಲ್ಲುತ್ತದೆ. 'ಎಲ್ಲಕ್ಕಿಂತ ಕಡಿಮೆ' ಎಂಬ ಹಳ್ಳಿಯ ಮಾತಿನಲ್ಲಿ ಈ ಸಂಶಯಕ್ಕೆ ಆಸ್ಪದವಿಲ್ಲ. 'ಅತಿ' ಎಂಬುದಂತೂ ಕನ್ನಡದ ಕಿವಿಗೆ ಮಿತಿ ಮೀರಿದುದು. ಅತಿಯಾದರೆ ಅಮೃತವೂ ವಿಷವೆಂದು ಗಾದೆ ಹೇಳುವಾಗ 'ಅತಿ ಒಳ್ಳೆಯ ಹುಡುಗ' ಎಂಬ ವರನ ವರ್ಣನೆ ಹೆಣ್ಣಿನ ತಂದೆಯನ್ನು ಬೆದರಿಸಬೇಕು! 'ಜಗತ್ತಿನ ಎರಡನೆಯ ಅತಿ ಎತ್ತರದ ಶಿಖರ' ಎಂಬ ಪತ್ರಿಕಾಭಾಷೆಯನ್ನು ನೋಡಿ. ಅತಿ ಎತ್ತರದ್ದು ಎರಡನೆಯದು ಹೇಗಾಯಿತು? 'ಎವರೆಸ್ಟನ್ನು ಬಿಟ್ಟರೆ ಕೆ2 ಎಲ್ಲಕ್ಕಿಂತ ಎತ್ತರ' ಎಂದು ನಮ್ಮ ಅಜ್ಜಿಯರು ಹೇಳಿಯಾರು. ಆ 'ಬಿಟ್ಟರೆ'ಯಲ್ಲಿ ಎಷ್ಟು ನಿಖರತೆ! ಮರಾಠಿಯಲ್ಲಿ 'ಸರ್ವಾಂತ್ ಮೋಠಾ' ಎಂದು ನಮ್ಮ ಮಕ್ಕಳು ದಿನವೂ ಕೇಳುತ್ತಾರೆ. ಅದು 'ಎಲ್ಲರಲ್ಲಿ ದೊಡ್ಡವನು' ಎಂಬ ಕನ್ನಡದ ಜಾಡೇ. ಸಂಸ್ಕೃತದ ಸಂತತಿಯಾದ ಮರಾಠಿಯೇ ತನ್ನ ಆಡುಮಾತಿನಲ್ಲಿ 'ತಮ', 'ಇಷ್ಠ'ಗಳನ್ನು ಕೈಬಿಟ್ಟು ಈ ಜಾಡಿಗೆ ಬಂದಿರುವಾಗ ನಾವು ಅವುಗಳಿಗೆ ಜೋತುಬೀಳಬೇಕಾದ ಅಗತ್ಯವೇನು?

ಕನ್ನಡದ ಸ್ವಂತ ಶಕ್ತಿ ಎರಡು ಕಡೆ ಹೊಳೆಯುತ್ತದೆ. ದ್ವಿರುಕ್ತಿಯೆಂದು ಶಾಲೆಯಲ್ಲಿ ಓದಿದ 'ತುತ್ತತುದಿ', 'ಕಟ್ಟಕಡೆ', 'ನಟ್ಟನಡು', 'ಮೊತ್ತಮೊದಲು' ಇವನ್ನು ಒಮ್ಮೆ ಬಾಯಿಯಲ್ಲಿ ಆಡಿಸಿ ನೋಡಬೇಕು. ಇವು ಅಚ್ಚ ಕನ್ನಡದ ಅತಿಶಯ ರೂಪಗಳಲ್ಲದೆ ಮತ್ತೇನು? ವಿಶೇಷವೆಂದರೆ ಇವೆಲ್ಲವೂ ಸ್ಥಾನವನ್ನು, ಅಂಚನ್ನು ಹೇಳತಕ್ಕವು. ತುದಿ, ಕಡೆ, ನಡು, ಮೊದಲು ಇವುಗಳಿಗೆ ಕನ್ನಡ ಇಂಥ ರೂಪವನ್ನು ಕೊಟ್ಟಿತು. ಒಳ್ಳೆಯದು, ಚೆಲುವು, ಜಾಣತನ ಇವುಗಳಿಗೆ ಕೊಡಲಿಲ್ಲ. ಅಂಚು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬಹುದು. ಒಳ್ಳೆಯತನದ ತುದಿಯನ್ನು ಹಾಗೆ ತೋರಿಸಲಾಗದೆಂದು ನಮ್ಮ ಪೂರ್ವಿಕರ ನಾಲಗೆಗೆ ತೋರಿರಬೇಕು. ಇದು ನನ್ನ ಊಹೆ, ಬಲ್ಲವರು ತಿದ್ದಬಹುದು.

ಗುಣದ ಶಿಖರವನ್ನು ಹೇಳಬೇಕಾದಾಗ ಕನ್ನಡ ಹಿಡಿದ ಎರಡನೆಯ ದಾರಿ ನಿಷೇಧದ್ದು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ. ಈ ಗಾದೆಯನ್ನು 'ಉಪ್ಪು ಅತ್ಯಂತ ರುಚಿಕರವಾದುದು, ತಾಯಿ ಅತ್ಯುನ್ನತ ದೇವರು' ಎಂದು ಬರೆದು ನೋಡಿದರೆ ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ತಿಳಿದೀತು. ಮನೆಗೆ ಮಗ ಬಂದಾಗ ಆಗುವುದು 'ಎಲ್ಲಿಲ್ಲದ ಸಂತೋಷ'. ಹೋದಾಗ 'ಹೇಳತೀರದ ದುಃಖ'. 'ದಿಸ್ ಈಸ್ ದ ಬೆಸ್ಟ್ ಕಾಫಿ ಐ ಹ್ಯಾವ್ ಎವರ್ ಹ್ಯಾಡ್' ಎಂಬುದು ಕನ್ನಡದಲ್ಲಿ 'ಇಂಥ ಕಾಫಿಯನ್ನು ನಾನು ಕುಡಿದೇ ಇಲ್ಲ'. ಇಂಗ್ಲಿಷನು ಗುಂಪನ್ನು ಕರೆದು ಅದರಲ್ಲಿ ಒಂದನ್ನು ಎತ್ತಿ ಹಿಡಿಯುತ್ತಾನೆ. ಕನ್ನಡಿಗನು ಎದುರಾಳಿಯೇ ಇಲ್ಲವೆಂದು ಕಣವನ್ನು ತೆರವು ಮಾಡುತ್ತಾನೆ. ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂಬ ವಾದಕ್ಕೆ ನಾನು ಇಳಿಯುತ್ತಿಲ್ಲ. ಒಂದರ ಜಾಗದಲ್ಲಿ ಇನ್ನೊಂದರ ನೆರಳನ್ನು ಇಡಬಾರದು ಎಂಬುದಷ್ಟೇ ನನ್ನ ತಕರಾರು.

ಈ ತಕರಾರು ಕೊನೆಗೆ ತಲುಪುವುದು ನಮ್ಮ ಸಾಹಿತ್ಯ ವಿಮರ್ಶೆಯನ್ನೇ. ಇಂಗ್ಲಿಷಿನಲ್ಲಿ 'ಒನ್ ಆಫ್ ದ ಗ್ರೇಟೆಸ್ಟ್' ಎಂಬ ನುಡಿಗಟ್ಟು ಬಹಳ ಬಳಕೆಯಲ್ಲಿದೆ; ಅಲ್ಲಿಯೇ ಅದು ಅರ್ಧ ನಿರ್ಣಯ, ಅರ್ಧ ಪಲಾಯನ. ಶಿಖರದ ಮೇಲೆ ಕೂರಿಸಿದ ಕೀರ್ತಿ ಬೇಕು, ಆದರೆ ಯಾರಾದರೂ ಬೇರೊಬ್ಬರನ್ನು ಹೆಸರಿಸಿದರೆ ತಪ್ಪಿಸಿಕೊಳ್ಳಲು ಬಾಗಿಲೂ ಬೇಕು. ಅದು 'ಅತ್ಯಂತ ಶ್ರೇಷ್ಠ ಕವಿಗಳಲ್ಲಿ ಒಬ್ಬರು', 'ಅತ್ಯುತ್ತಮ ಕೃತಿಗಳಲ್ಲಿ ಒಂದು' ಎಂದು ಕನ್ನಡಕ್ಕೆ ಬಂದ ಮೇಲೆ ವಿಮರ್ಶಕನಿಗೆ ದೊಡ್ಡ ಸೌಕರ್ಯವಾಯಿತು. ಯಾವ ಗುಂಪು, ಅದರಲ್ಲಿ ಎಷ್ಟು ಜನ, ಉಳಿದವರು ಯಾರು ಎಂಬ ಪ್ರಶ್ನೆಗಳಾವುವೂ ಅವನನ್ನು ಮುಟ್ಟುವುದಿಲ್ಲ. ಬ್ಯಾಂಕಿನಲ್ಲಿ ಹೀಗೆ ಅಡಮಾನದ ಮೌಲ್ಯವನ್ನು ಬರೆದರೆ, ಉದಾಹರಣೆಗೆ 'ಬೆಲೆಬಾಳುವ ಆಸ್ತಿಗಳಲ್ಲಿ ಒಂದು' ಎಂದರೆ, ತಪಾಸಣೆಗೆ ಬಂದವರು ಕಡತವನ್ನು ನನ್ನ ಮುಖದ ಮೇಲೆ ಎಸೆದಾರು. 'ತಾರತಮ್ಯ' ಎಂಬ ಪದ 'ತರ' ಮತ್ತು 'ತಮ' ಎಂಬ ಎರಡು ಪ್ರತ್ಯಯಗಳಿಂದಲೇ ಹುಟ್ಟಿದುದು. ಹೆಚ್ಚು ಕಡಿಮೆಗಳನ್ನು ಬಿಡಿಸಿ ನೋಡುವುದು ಅದರ ಅರ್ಥ. ಎಲ್ಲರಿಗೂ 'ತಮ'ವನ್ನು ಹಂಚಿದ ಮೇಲೆ ಬಿಡಿಸಿ ನೋಡುವುದಕ್ಕೆ ಏನು ಉಳಿಯಿತು? ಹೊರನಾಡಿನಲ್ಲಿ ಪ್ರಕಟವಾಗುವ ಪುಸ್ತಕಗಳ ವಿಷಯದಲ್ಲಿ ಈ ಔದಾರ್ಯ ಇನ್ನೂ ಹೆಚ್ಚು. ಬರೆದವರು ನಮ್ಮವರು, ಓದುವವರು ನಾವೇ, ನಾಳೆ ಸಂಘದ ಸಭೆಯಲ್ಲಿ ಒಂದೇ ಬೆಂಚಿನ ಮೇಲೆ ಕೂರುವವರು. ಅವರನ್ನು ನೋಯಿಸಬಾರದೆಂಬ ಕಾಳಜಿ ಸಹಜವೇ. ಆದರೆ ಈ ಉಪಚಾರವನ್ನು ನಂಬಿ ಎರಡನೆಯ ಪುಸ್ತಕವನ್ನು ಅವಸರದಿಂದ ಬರೆದು ಕೆಡಿಸಿಕೊಂಡ ತರುಣ ಲೇಖಕರನ್ನು ನಾನು ಕಂಡಿದ್ದೇನೆ.

ಇತರರನ್ನು ಮಾತ್ರ ಆಕ್ಷೇಪಿಸಿ ನಿಲ್ಲುವುದು ಸರಿಯಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ಕಾದಂಬರಿಯೊಂದನ್ನು ಕುರಿತು ನಾನೇ ಬರೆದ ಒಂದು ವಿಮರ್ಶೆ ಈಚೆಗೆ ಹಳೆಯ ಕಾಗದಗಳ ನಡುವೆ ಸಿಕ್ಕಿತು. 'ಈ ದಶಕದ ಅತ್ಯುತ್ತಮ ಕಾದಂಬರಿಗಳಲ್ಲಿ ಒಂದು' ಎಂದು ಅದರಲ್ಲಿ ಬರೆದಿದ್ದೇನೆ. ಉಳಿದವು ಯಾವುವೆಂದು ಒಂದು ಹಾಳೆಯನ್ನು ತೆಗೆದುಕೊಂಡು ಪಟ್ಟಿ ಮಾಡಲು ಕುಳಿತೆ. ಮೂರು ಹೆಸರುಗಳನ್ನು ಬರೆಯುವಷ್ಟರಲ್ಲಿ ನಾನು ಹೊಗಳಿದ ಪುಸ್ತಕ ಅವುಗಳ ಪಕ್ಕದಲ್ಲಿ ನಿಲ್ಲಲಾರದೆಂದು ಗೊತ್ತಾಯಿತು. ಅದರ ಒಂದು ಅಧ್ಯಾಯ ಮಾತ್ರ, ತಂದೆ ಊರಿನ ಜಮೀನನ್ನು ಮಾರಿ ರೈಲು ಹತ್ತುವ ಅಧ್ಯಾಯ, ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಅಧ್ಯಾಯವನ್ನು ಕುರಿತು ನನ್ನ ವಿಮರ್ಶೆಯಲ್ಲಿ ಒಂದು ಸಾಲೂ ಇಲ್ಲ.